ಟ್ಯಾಂಕಿನ ಕಡೆಯ ಗೋಲು

ಗೋಡೆ ನೆಗೆದ. ಕೈಗೆ ಏನೂ ಸಿಗಲಿಲ್ಲ.

ಗೋಡೆ ಎಂದರೆ ಇಟ್ಟಿಗೆ ಸಿಮೆಂಟಿನದಲ್ಲ, ಎರಡು ಕಾಲಿನ ಮನುಷ್ಯ. ಕ್ಲಬ್ಬಿನ ಗೋಲ್‌ಕೀಪರ್. ಸ್ವಂತ ಮೈದಾನದಲ್ಲಿ ಅವನನ್ನು ದಾಟಿಸಿ ಚೆಂಡನ್ನು ಬಲೆಗೆ ಸೇರಿಸುವುದು ಎದುರಾಳಿಗಳಿಗೆ ಸಾಕೋಸಾಕು ಅನಿಸುವ ಕೆಲಸವಾಗಿದ್ದರಿಂದ ಜನ ಆ ಹೆಸರಿಟ್ಟರು. ಈಗ ಹೆಂಡತಿಯ ತವರಿನವರೂ ಫೋನ್ ಮಾಡಿದರೆ "ಗೋಡೆ ಮನೇಲಿದಾನಾ?" ಎಂದೇ ಕೇಳುತ್ತಾರೆ. ಸ್ವಂತ ಮೈದಾನದ ಪ್ರತಿ ಪಂದ್ಯಕ್ಕೂ ಮುಂಚೆ ಗೋಲಿನ ಕೆಳಗೆ ನಿಂತು, ಒಂದೇ ನೆಗೆತಕ್ಕೆ ಮೇಲಿನ ಅಡ್ಡಪಟ್ಟಿಯನ್ನು ಬೆರಳುಗಳಿಂದ ಫಟ್ ಎಂದು ಬಡಿಯುವುದು ಅವನ ಅಭ್ಯಾಸ. ಕೀಪರುಗಳ ಪೈಕಿ ಅವನು ಗಿಡ್ಡನೇ. ಆದರೆ ಆ ಸದ್ದು ಕೇಳಿದರೆ ಸಾಕು, ಯಾರಿಗೂ ಅವನ ಎತ್ತರ ನೆನಪಾಗುತ್ತಿರಲಿಲ್ಲ.

ಆ ದಿನ ಸದ್ದು ಬರಲಿಲ್ಲ. ಪಕ್ಕದ ಊರಿನ ಹೊಸ ಮೈದಾನ, ಸೀಸನ್ನಿಗೆ ಮುಂಚಿನ ಅಭ್ಯಾಸ ಪಂದ್ಯ. ಇನ್ನೊಮ್ಮೆ ನೆಗೆದ. ಬೆರಳಿಗೂ ಪಟ್ಟಿಗೂ ನಡುವೆ ಖಾಲಿ ಗಾಳಿ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ದೂರದಿಂದ ಒಂದು ಚೆಂಡು ಎತ್ತರಕ್ಕೆ ತೇಲಿ ಬಂತು. ಗೋಡೆ ನೋಡಿದ, ಪಟ್ಟಿಯ ಮೇಲಿಂದ ಹೊರಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದ, ಕೈ ಕೆಳಗಿಳಿಸಿ ಬಿಟ್ಟುಬಿಟ್ಟ. ಚೆಂಡು ಪಟ್ಟಿಯ ಕೆಳಗೆ ನುಸುಳಿ ಬಲೆಯಲ್ಲಿ ಬಿತ್ತು. ಕೈಕಟ್ಟಿ ನಿಂತು ಗೋಲು ಬಿಟ್ಟ ಕೀಪರನ್ನು ಕ್ಲಬ್ಬು ಅಲ್ಲಿಯವರೆಗೆ ನೋಡಿರಲಿಲ್ಲ. ಕೋಚ್ ಗೋಡೆಯ ಮಂಡಿಗಳನ್ನೇ ನೋಡಿ, ಬಾಯಲ್ಲಿದ್ದ ಪೆನ್ಸಿಲ್ಲನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದರು. ಬೈದಿದ್ದರೇ ವಾಸಿಯಾಗಿತ್ತು.

ಇದು ಬೇರೆ ಯಾವ ವರ್ಷವಾದರೂ ಆಗಬಹುದಿತ್ತು. ಆದರೆ ಕ್ಲಬ್ಬು ಹುಟ್ಟಿದಾಗಿನಿಂದ ಇದೇ ಮೊದಲ ಸಲ ಎ ಡಿವಿಷನ್ನಿಗೆ ಏರಿದೆ. ಪ್ರಾಂತ್ಯದ ದೊಡ್ಡ ತಂಡಗಳೆಲ್ಲ ಇನ್ನು ಈ ಮೈದಾನಕ್ಕೆ ಬಂದು ಆಡಬೇಕು. ಅದಕ್ಕಾಗಿ ಗೋಡೆ ಮೀಸೆ ಮೂಡಿದಾಗಿನಿಂದ ಮಣ್ಣಲ್ಲಿ ಬಿದ್ದು ಎದ್ದಿದ್ದಾನೆ. ಈಗ ವಯಸ್ಸು ಮೂವತ್ತನಾಲ್ಕು. ಈ ಸೀಸನ್ ಬೆಂಚಿನ ಮೇಲೆ ಕೂತರೆ ಮುಂದಿನ ಸೀಸನ್ನಿಗೆ ಅವನನ್ನು ಬೆಂಚಿಗೂ ಕರೆಯುವುದಿಲ್ಲ. ಬೆಂಚಿನಿಂದ ಎದ್ದು ಬರಲು ಒಬ್ಬ ಸಿದ್ಧನಾಗಿಯೇ ಇದ್ದ. ಇಪ್ಪತ್ತೊಂದರ ತರುಣ, ಆರಡಿಗೂ ಮೇಲೆ. ಗೋಡೆಯ ಪಕ್ಕ ನಿಂತರೆ ಹೇಗೆ ಕಾಣುತ್ತಾನೋ ಹಾಗೇ ಹೆಸರು ಬಿತ್ತು: ಏಣಿ. ನೆಗೆಯದೆಯೂ ಪಟ್ಟಿ ಮುಟ್ಟುವ ಆಸಾಮಿ. ಮೇಲಾಗಿ ಒಳ್ಳೆಯವನು ಬೇರೆ. "ಅಣ್ಣ, ಅಣ್ಣ" ಎಂದು ಹಿಂದೆ ಬರುತ್ತಿದ್ದ. ಬೈಯೋಣವೆಂದರೂ ಕಾರಣ ಸಿಗುತ್ತಿರಲಿಲ್ಲ.

"ಶನಿವಾರ ನಮ್ಮಲ್ಲೇ ಟ್ರಯಲ್ ಮ್ಯಾಚ್," ಎಂದರು ಕೋಚ್ ಬಸ್ಸಿನಲ್ಲಿ, ಯಾರನ್ನೂ ನೋಡದೆ. "ಒಂದನೇ ನಂಬರ್ ಜರ್ಸಿ ಯಾರಿಗೆ ಅಂತ ಅವತ್ತೇ ಹೇಳ್ತೀನಿ."

ಗೋಡೆಗೆ ಹೊಟ್ಟೆಪಾಡಿನ ಕೆಲಸ ಗಾಜಿನ ಅಂಗಡಿಯಲ್ಲಿ. ಕಿಟಕಿಗೆ, ಶೋಕೇಸಿಗೆ ಗಾಜು ಅಳೆದು ಕತ್ತರಿಸಿ ಕೂರಿಸುವುದು. ಮಾರನೇ ದಿನ ಅವನ ಕೈಯಲ್ಲಿ ಒಂದು ದೊಡ್ಡ ಗಾಜು ಅಡ್ಡಾದಿಡ್ಡಿ ಸೀಳಿತು. "ಏನಪ್ಪ, ಗೋಡೆಗೇ ಬಿರುಕು ಬಿಡ್ತಾ?" ಎಂದು ಮಾಲೀಕರು ಮೇಜಿನ ಹಿಂದಿನಿಂದ ತಮಾಷೆ ಮಾಡಿದರು. ಅವನಿಗೆ ನಗು ಬರಲಿಲ್ಲ. ಮಂಡಿ ಮುಗಿಯಿತು ಎಂಬ ಒಂದೇ ಮಾತು ಬೆಳಗಿನಿಂದ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಸಂಜೆ ಏಪ್ರನ್ ಬಿಚ್ಚಿ, ಅಳತೆ ಟೇಪನ್ನು ಎಂದಿನಂತೆ ಪ್ಯಾಂಟಿನ ಜೇಬಿಗೆ ಇಳಿಸಿ, ಮನೆಗೆ ಹೋಗದೆ ನೇರ ಮೈದಾನಕ್ಕೆ ನಡೆದ.

ಮೈದಾನ ಅಪ್ಪನದು. ಕಾಗದದ ಮೇಲೆ ಕ್ಲಬ್ಬಿನದು, ಅದು ಬೇರೆ ಮಾತು. ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ರೋಲರ್ ಹಾಯಿಸುವುದು, ನೀರು ಬಿಡುವುದು, ಎಲ್ಲ ಅಪ್ಪನೇ. ಗೆರೆ ದಾಟಿ ಚಪ್ಪಲಿ ಕಾಲಿಟ್ಟರೆ ಕ್ಲಬ್ಬಿನ ಅಧ್ಯಕ್ಷರಿಗೂ ಮುಖ ಮುರಿದು ಹೇಳುತ್ತಿದ್ದ. ಒಂದು ಗೋಲು ಆಟಗಾರರು ಬಟ್ಟೆ ಬದಲಾಯಿಸುವ ಶೆಡ್ಡಿನ ಕಡೆ, ಇನ್ನೊಂದು ನೀರಿನ ಟ್ಯಾಂಕಿನ ಕಡೆ. ಗೋಡೆ ಅಭ್ಯಾಸಕ್ಕೆ ನಿಲ್ಲುತ್ತಿದ್ದದ್ದು ಯಾವಾಗಲೂ ಟ್ಯಾಂಕಿನ ಕಡೆ. ಕೀಪರ್ ನಿಂತು, ತುಳಿದು, ಬಿದ್ದು ಹೊರಳಾಡಿ ಗೋಲಿನ ಬಾಯಲ್ಲಿ ಹಳ್ಳ ಬೀಳುತ್ತದಲ್ಲ, ಸೀಸನ್ನಿಗೆ ಮುಂಚೆ ಅಪ್ಪ ಜರಡಿ ಹಿಡಿದ ಮಣ್ಣು ಮರಳು ಬೆರೆಸಿ ಅದನ್ನು ತುಂಬುತ್ತಿದ್ದ. ಮಳೆಗೆ ಕೂತುಕೊಳ್ಳುತ್ತದೆ ಎಂದು ಒಂದೆರಡು ಬುಟ್ಟಿ ಜಾಸ್ತಿಯೇ ಹಾಕುತ್ತಿದ್ದ. ಟ್ಯಾಂಕಿನ ಕಡೆಗೆ ಇನ್ನೂ ಎರಡು ಜಾಸ್ತಿ. ಬೀಳುವವನು ಮಗನಲ್ಲವೇ.

ಅಪ್ಪ ಶೆಡ್ಡಿನೊಳಗೆ ಸುಣ್ಣ ಕಲಸುತ್ತಿದ್ದ. ಗೋಡೆ ಯಾರ ಕಣ್ಣಿಗೂ ಬೀಳದಂತೆ ಟ್ಯಾಂಕಿನ ಕಡೆಯ ಗೋಲಿಗೆ ಹೋಗಿ, ಉಸಿರು ಬಿಗಿಹಿಡಿದು ನೆಗೆದ.

ಫಟ್!

ಅವನಿಗೆ ಕಣ್ಣು ತುಂಬಿ ಬಂತು. ಮಂಡಿ ಕೈಕೊಟ್ಟಿಲ್ಲ! ಇನ್ನೊಮ್ಮೆ ಬಡಿದ, ಮತ್ತೊಮ್ಮೆ ಬಡಿದ. ಕುಣಿಯುತ್ತಲೇ ಮೈದಾನ ದಾಟಿ ಶೆಡ್ಡಿನ ಕಡೆಯ ಗೋಲಿಗೆ ಹೋಗಿ ಅಲ್ಲೂ ನೆಗೆದ. ಬೆರಳು ತಾಕಲಿಲ್ಲ. ಎಷ್ಟು ಸಲ ನೆಗೆದರೂ ತಾಕಲಿಲ್ಲ. ಕುಣಿತ ಅಲ್ಲೇ ನಿಂತಿತು. ಮತ್ತೆ ಟ್ಯಾಂಕಿನ ಕಡೆ ಬಂದ. ಜೇಬಿನಿಂದ ಟೇಪು ತೆಗೆದ. ಊರವರ ಕಿಟಕಿಗಳನ್ನೆಲ್ಲ ಅಳೆದ ಮನುಷ್ಯ ತಾನು ನಿಲ್ಲುವ ಗೋಲನ್ನು ಅಳೆದದ್ದು ಅವತ್ತೇ ಮೊದಲು.

ನಾಲ್ಕು ಬೆರಳು ಕಮ್ಮಿ.

ಕಂಬಗಳನ್ನು ಕಾಂಕ್ರೀಟಿನಲ್ಲಿ ನೆಟ್ಟಿದ್ದಾರೆ, ಅವು ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಅಳೆದಿರಲಿಲ್ಲ. ಕಂಬ ಎಲ್ಲಿಗೂ ಹೋಗಿರಲಿಲ್ಲ, ನೆಲವೇ ಮೇಲೆ ಬಂದಿತ್ತು. ವರ್ಷಾ ವರ್ಷಾ ಒಂದಿಷ್ಟು, ಪೆನಾಲ್ಟಿ ಗುರುತಿನಿಂದಲೇ ಕಂಡೂ ಕಾಣದಂತೆ ಏರುತ್ತ. ಬೇರೆ ಊರಿನಲ್ಲಿ ಪಟ್ಟಿ ಎತ್ತರ ಅನಿಸಿದಾಗೆಲ್ಲ "ಇವರಿಗೆ ಗೋಲ್ ನೆಡೋಕೂ ಬರಲ್ಲ" ಎಂದು ಕ್ಲಬ್ಬಿನವರು ಆ ಊರಿನವರನ್ನೇ ಬೈದು ಬಂದಿದ್ದರು. ಹೋದ ವಾರ ಲೀಗಿನಿಂದ ಮೈದಾನ ನೋಡಲು ಬಂದಿದ್ದ ಅಧಿಕಾರಿಯೂ ಶೆಡ್ಡಿನ ಪಕ್ಕದ ಗೋಲನ್ನು ಅಳೆದು, ಟೀ ಕುಡಿದು, ಅದೂ ಇದರ ಹಾಗೇ ತಾನೇ ಎಂದು ದೂರದಿಂದಲೇ ತಲೆಯಾಡಿಸಿ ಹೋಗಿದ್ದ.

ಗೋಡೆ ಕಂಬಕ್ಕೆ ಒರಗಿ ಕುಕ್ಕರಿಸಿದ. ಪಕ್ಕದ ಊರಿನಲ್ಲಿ ಕೈ ಬಿಟ್ಟ ಆ ಚೆಂಡು ಈಗ ಅರ್ಥವಾಯಿತು. ಎಲ್ಲಿಯವರೆಗೆ ಗೋಲು, ಎಲ್ಲಿಂದ ಹೊರಗೆ ಎಂದು ಅವನ ಮೈ ಕಲಿತದ್ದು ಈ ಪಟ್ಟಿಯ ಕೆಳಗೆ. ಮೈ ತಪ್ಪು ಕಲಿತಿತ್ತು. ಇಲ್ಲಿ ಉಳಿಸಿದ ಗೋಲುಗಳಲ್ಲಿ ತನ್ನವು ಎಷ್ಟು, ಮಣ್ಣಿನವು ಎಷ್ಟು?

"ಏನೋ ಇಲ್ಲಿ?" ಅಪ್ಪ ಸುಣ್ಣದ ಬಕೆಟ್ ಹಿಡಿದು ಬಂದಿದ್ದ. ಗೋಡೆ ಟೇಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಸುಮ್ನೆ ಬಂದೆ ಅಪ್ಪ."

"ಲೀಗ್‌ನೋರು ಏನಂದ್ರು ಗೊತ್ತಾ? ಗೋಲ್ ಬಾಯಿ ಒಳ್ಳೆ ಹಾಸಿಗೆ ಇದ್ದಂಗಿದೆ ಅಂದ್ರು. ಎ ಡಿವಿಷನ್‌ನಲ್ಲೂ ಇಂಥದ್ದು ಇಲ್ವಂತೆ." ಅಪ್ಪ ಬಗ್ಗಿ ಮಣ್ಣನ್ನು ಅಂಗೈಯಿಂದ ಸವರಿದ. "ಶನಿವಾರ ಬಿದ್ದು ನೋಡು, ಮೈಗೆ ಗೊತ್ತೇ ಆಗಲ್ಲ."

ಆ ಮುಖ ನೋಡಿಕೊಂಡು ನಾಲ್ಕು ಬೆರಳಿನ ಮಾತು ಹೇಳುವುದು ಅವನಿಂದಾಗಲಿಲ್ಲ.

ಹೇಳಿದ್ದು ಹೆಂಡತಿಗೆ. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತು ಅವನ ಗ್ಲೌಸಿನ ಕಿತ್ತ ಹೆಬ್ಬೆರಳು ಹೊಲಿಯುತ್ತಿದ್ದಳು. ಕೊನೆಯವರೆಗೂ ಕೇಳಿ, ದಾರ ಕಚ್ಚಿ ಕತ್ತರಿಸಿದಳು.

"ಟ್ರಯಲ್‌ನಲ್ಲಿ ಯಾವ ಕಡೆ ನಿಲ್ಬೇಕು ಅಂತ ಯಾರು ಹೇಳ್ತಾರೆ?"

"ಹಿರಿಯ ಕೀಪರ್ ಆರಿಸ್ಕೊಳ್ಳೋದು. ಕ್ಲಬ್ ಪದ್ಧತಿ. ಮಧ್ಯ ಬದ್ಲಾಯಿಸೋದೂ ಇಲ್ಲ."

"ಹಾಗಾದ್ರೆ ಇದರಲ್ಲಿ ಯೋಚ್ನೆ ಮಾಡೋಕೆ ಏನಿದೆ ರೀ? ಯಾವತ್ತೂ ನಿಲ್ಲೋ ಕಡೆ ನಿಂತ್ಕೊಳ್ಳಿ. ಜರ್ಸಿ ಕೈಗೆ ಬರಲಿ. ಆಮೇಲೆ ಮೊದಲ ಮ್ಯಾಚಿಗೆ ಮುಂಚೆ ನೀವೇ ಹೋಗಿ ಕೆರೆದು ಸರಿ ಮಾಡಿ. ಮಾವನಿಗೂ ಅವಮಾನ ಇಲ್ಲ, ನಿಮಗೂ ನಷ್ಟ ಇಲ್ಲ."

"ಏಣಿ ಪೂರ್ತಿ ಎತ್ತರದ ಗೋಲ್ ಕಾಯ್ತಾನೆ, ನಾನು ಗಿಡ್ಡ ಗೋಲ್."

"ಅವನಿಗೆ ಇನ್ನೂ ಎಷ್ಟು ಸೀಸನ್ ಇದಾವೆ! ನಿಮಗೆ?"

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದೇ ಅವನ ಸಂಕಟ. ಶನಿವಾರದವರೆಗೆ ಅವನು ತಿಂದದ್ದು ಮೈಗೆ ಹತ್ತಲಿಲ್ಲ. ಟ್ಯಾಂಕಿನ ಕಡೆಯೇ ನಿಲ್ಲುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಮೈದಾನಕ್ಕೆ ಹೋದ.

ಶನಿವಾರ ಕ್ಲಬ್ಬಿನವರೆಲ್ಲ ಬಂದಿದ್ದರು. ತಂಡವನ್ನು ಎರಡು ಭಾಗ ಮಾಡಿದ್ದಾಯಿತು. ಒಂದನೇ ನಂಬರಿನ ಜರ್ಸಿ ಕೋಚಿನ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಹೊಸದು, ಮಡಿಕೆಯ ಗುರುತು ಇನ್ನೂ ಹೋಗಿರಲಿಲ್ಲ. ಅಪ್ಪ ಗೆರೆಯ ಆಚೆ ರೋಲರಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದ.

"ಹಿರಿಯ ಕೀಪರ್, ಯಾವ ಕಡೆ?" ಕೋಚ್ ಕೇಳಿದ್ದು ಕೇಳಬೇಕಲ್ಲ ಎಂದಷ್ಟೇ. ಉತ್ತರ ಎಲ್ಲರಿಗೂ ಗೊತ್ತಿತ್ತು. ಏಣಿ ಆಗಲೇ ಶೆಡ್ಡಿನ ಕಡೆಗೆ ಹೊರಟಿದ್ದ. ಹೋಗುತ್ತ ತಿರುಗಿ, "ಒಳ್ಳೇದಾಗ್ಲಿ ಅಣ್ಣ," ಎಂದ.

ಗೋಡೆ ಬಾಯಿ ತೆರೆದ. ಅಲ್ಲಿ ನಿಂತು ಗೆದ್ದರೆ ಗೆದ್ದದ್ದು ತಾನೋ ಅಪ್ಪನ ಮಣ್ಣೋ ಎಂದು ತನಗೆ ಯಾವತ್ತೂ ಗೊತ್ತಾಗುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಬೆಂಕಿ ಮುಟ್ಟಿದಷ್ಟು ಸ್ಪಷ್ಟವಾಯಿತು. ಸೋತು ಮನೆಗೆ ಹೋಗಬಹುದು. ಗೊತ್ತಾಗದೆ ಇಡೀ ಸೀಸನ್ ನಿಲ್ಲುವುದು ಸಾಧ್ಯವಿರಲಿಲ್ಲ.

"ಶೆಡ್ಡಿನ ಕಡೆ ಸರ್."

ಕೋಚಿನ ಪೆನ್ಸಿಲ್ ನಿಂತಿತು. ಏಣಿ ತಪ್ಪು ಕೇಳಿಸಿತೇನೋ ಎಂದು ನಿಂತುಬಿಟ್ಟ. ಅಪ್ಪ ರೋಲರಿನ ಹಿಡಿಕೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಆ ಹಾಸಿಗೆಯನ್ನು ಮಾಡಿದ್ದು ಯಾರಿಗಾಗಿ ಎಂದು ಅವನ ಮುಖವೇ ಕೇಳುತ್ತಿತ್ತು. ಗೋಡೆ ಆ ಕಡೆ ನೋಡಲಿಲ್ಲ.

ಗೋಲಿನ ಕೆಳಗೆ ನಿಂತು ಅಭ್ಯಾಸದಂತೆ ನೆಗೆದ. ಪಟ್ಟಿ ಸಿಗಲಿಲ್ಲ. ಬೆಂಚಿನ ಕಡೆಯಿಂದ ಗುಸುಗುಸು ಎದ್ದಿತು. ಆಟ ಶುರುವಾಯಿತು.

ಮೊದಲು ನೆಲದ ಮೇಲೆ ಉರುಳಿ ಬಂದವೆಲ್ಲ ಸಲೀಸು. ಅವಕ್ಕೆ ಗೋಡೆ ಯಾವತ್ತೂ ಗೋಡೆಯೇ. ಅವನಿಗೆ ಹೆದರಿಕೆಯಿದ್ದದ್ದು ಮೇಲಿನದರ ಬಗ್ಗೆ. ಅರ್ಧ ಆಟ ಮುಗಿಯುವವರೆಗೂ ಅದು ಬರಲಿಲ್ಲ, ಬರಲಿಲ್ಲವೆಂಬುದೇ ನರ ಎಳೆಯುತ್ತಿತ್ತು. ಆಮೇಲೆ ಬಂತು. ಮೂಲೆಯ ಕಡೆಯಿಂದ ಬಾಗಿ, ಎತ್ತರದಲ್ಲಿ, ಥೇಟ್ ಪಕ್ಕದ ಊರಿನ ಚೆಂಡಿನಂತೆಯೇ. ಮೈ ಹೇಳಿತು: ಬಿಡು, ಹೊರಗೆ ಹೋಗುತ್ತದೆ. ಕೈ ಇಳಿಯಲು ಶುರುವಾಗಿತ್ತು. ಗೋಡೆ ಮೈಯ ಮಾತು ಕೇಳಲಿಲ್ಲ. ಹಲ್ಲು ಕಚ್ಚಿ ಹಿಂದಕ್ಕೆ ನೆಗೆದು, ಕೈಯನ್ನು ಅದಕ್ಕೆ ಗೊತ್ತಿದ್ದ ಎತ್ತರಕ್ಕಿಂತ ಮೇಲಕ್ಕೆ ತಳ್ಳಿದ. ನಡುಬೆರಳಿನ ತುದಿಗೆ ಚೆಂಡು ಸವರಿತು, ಪಟ್ಟಿಯ ಮೇಲೆ ಉಜ್ಜಿ ಹೊರಗೆ ಹೋಯಿತು. ಗೋಡೆ ಬೆನ್ನಡಿಯಾಗಿ ಗಟ್ಟಿ ನೆಲಕ್ಕೆ ಅಪ್ಪಳಿಸಿದ. ಉಸಿರು ನಿಂತಂತಾಯಿತು, ಆದರೂ ನಗು ಬಂತು. ಅದು ತನ್ನದು, ಪೂರ್ತಿ ತನ್ನದು.

ಅಷ್ಟರಲ್ಲಿ ಆ ಕಡೆ ಗದ್ದಲವೆದ್ದಿತು. ತಂಡದ ಮುಂಚೂಣಿ ಆಟಗಾರ, ಎಲ್ಲರ ಬಾಯಲ್ಲಿ 'ಬುಲೆಟ್', ದೂರದಿಂದ ಗುಂಡು ಹೊಡೆದಂತೆ ಬಾರಿಸಿದ್ದ. ಏಣಿ ಕೈ ಚಾಚುವ ಮುಂಚೆಯೇ ಚೆಂಡು ಅವನನ್ನು ದಾಟಿ, ಟ್ಯಾಂಕಿನ ಕಡೆಯ ಪಟ್ಟಿಗೆ ಢಣ್ ಎಂದು ಬಡಿದು ವಾಪಸು ಬಂತು. ಬುಲೆಟ್ ತಲೆ ಹಿಡಿದುಕೊಂಡು ಕೂತ.

ಗೋಡೆಯ ನಗು ಆರಿತು. ಪಟ್ಟಿ ಇರಬೇಕಾದಲ್ಲಿ ಇದ್ದಿದ್ದರೆ ಅದು ಗೋಲು. ತಾನು ಬಿಟ್ಟುಕೊಟ್ಟ ನಾಲ್ಕು ಬೆರಳು ಏಣಿಯನ್ನು ಕಾಪಾಡಿತ್ತು. ಈಗ ಬಾಯಿಬಿಟ್ಟರೆ ಸೋಲುವವನ ನೆವ ಅಂದುಕೊಳ್ಳುತ್ತಾರೆ. ಬಾಯಿಬಿಟ್ಟರೆ ಅಪ್ಪನ ಮಾನ ಇಷ್ಟು ಜನರ ಮುಂದೆ ಹೋಗುತ್ತದೆ. ಅವನು ಬಾಯಿ ಬಿಡಲಿಲ್ಲ.

ಸೀಟಿ ಕೂಗಿತು. ಯಾವ ಕಡೆಯೂ ಗೋಲಿಲ್ಲ. ಎಲ್ಲರೂ ಕುರ್ಚಿಯ ಸುತ್ತ ಸೇರಿದರು. ಕೋಚ್ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿ ಜರ್ಸಿ ಎತ್ತಿಕೊಂಡರು.

"ಇಬ್ರೂ ಗೋಲ್ ಬಿಟ್ಟಿಲ್ಲ. ಚೆನ್ನಾಗಿ ಆಡಿದ್ರಿ. ಇಬ್ರೂ ಸಮ ಅಂದ್ಮೇಲೆ ನಾನು ವಯಸ್ಸು ನೋಡ್ಲೇಬೇಕಾಗುತ್ತೆ." ಅವರು ಗೋಡೆಯ ಮುಖ ನೋಡದೆ ಏಣಿಯ ಕಡೆ ತಿರುಗಿದರು. ಗೋಡೆ ನೆಲ ನೋಡಿದ. ಮುಗಿಯಿತು ಅಂದುಕೊಂಡ.

"ಒಂದ್ನಿಮಿಷ ಸಾರ್."

ಅಪ್ಪ ಶೆಡ್ಡಿನಿಂದ ಬರುತ್ತಿದ್ದ. ಕೈಯಲ್ಲಿ ಒಂದು ಉದ್ದನೆಯ ಮರದ ಕೋಲು. ಹಿಂದೆಂದೋ ಗೋಲು ನೆಡುವಾಗ ಅಳತೆಗೆಂದು ಮಾಡಿಸಿದ್ದು. ಆಮೇಲೆ ಶೆಡ್ಡಿನೊಳಗೆ ಜರ್ಸಿ ಒಣಹಾಕುವ ಗಳುವಾಗಿ ಬದುಕಿತ್ತು, ಈಗಲೂ ಒಂದು ಒದ್ದೆ ಕಾಲುಚೀಲ ಅದಕ್ಕೆ ನೇತಾಡುತ್ತಿತ್ತು. ಯಾರೋ ನಕ್ಕರು. ಅಪ್ಪ ಅವರ ಕಡೆ ನೋಡಲೂ ಇಲ್ಲ. ಶೆಡ್ಡಿನ ಕಡೆಯ ಗೋಲಿಗೆ ಹೋಗಿ ಕೋಲು ನಿಲ್ಲಿಸಿದ. ಪಟ್ಟಿಯ ಕೆಳಗೆ ನೆಟ್ಟಗೆ ನಿಂತಿತು. ಅಲ್ಲಿಂದ ಮೈದಾನದ ಉದ್ದಕ್ಕೂ ನಡೆದ. ಎಲ್ಲರೂ ಏನೆಂದು ತಿಳಿಯದೆ ಹಿಂದೆಯೇ ನಡೆದರು. ಟ್ಯಾಂಕಿನ ಕಡೆಯ ಗೋಲಿನಲ್ಲಿ ಕೋಲು ನಿಲ್ಲಿಸಲು ಹೋದ. ನಿಲ್ಲಲಿಲ್ಲ. ಮೇಲಿನ ತುದಿ ಪಟ್ಟಿಗೆ ತಡೆದು ವಾಲಿಕೊಂಡಿತು. ಒತ್ತಿ ನೋಡಿದ, ಆಗಲೂ ವಾಲಿಯೇ ಇತ್ತು.

"ಬುಲೆಟ್ ಹೊಡೆದಿದ್ದು ಗೋಲ್ ಸಾರ್," ಎಂದ ಅಪ್ಪ. "ಒಳಗೆ ಹೋಗ್ಬೇಕಿತ್ತು. ತಡೆದಿದ್ದು ಆ ಹುಡುಗನೂ ಅಲ್ಲ, ಪಟ್ಟಿನೂ ಅಲ್ಲ. ನಾನು ಹಾಕಿದ ಮಣ್ಣು."

ಹಿಂದಿನಿಂದ ಯಾರೋ, "ಇಷ್ಟು ವರ್ಷ ಗೋಡೆ ನಿಂತಿದ್ದೇ ಮಣ್ಣಿನ ಪುಣ್ಯದಿಂದ ಅನ್ನು," ಎಂದರು. ಅಪ್ಪನ ತಲೆ ತಗ್ಗಿತು. ಆ ತಲೆ ತಗ್ಗಿದ್ದನ್ನು ಗೋಡೆ ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಕೋಚ್ ಕೋಲನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಗೋಡೆಯನ್ನು.

"ನಿನಗೆ ಗೊತ್ತಿತ್ತಾ?"

"ಮೊನ್ನೆ ಗೊತ್ತಾಯ್ತು ಸರ್. ಅಳೆದೆ."

"ಗೊತ್ತಿದ್ದೂ ಆ ಕಡೆ ಆರಿಸ್ಕೊಂಡೆ?"

ಗೋಡೆ ಹೌದೆಂದು ತಲೆಯಾಡಿಸಿದ. ಕೋಚ್ ಜರ್ಸಿಯನ್ನು ಅವನ ಎದೆಗೆ ಒತ್ತಿದರು. "ಹಿಡ್ಕೋ. ಮೊದಲ ಮ್ಯಾಚು ನಿಂದು. ಅಲ್ಲಿ ಬಿಟ್ರೆ ಮುಲಾಜಿಲ್ಲದೆ ಕಿತ್ಕೊಳ್ತೀನಿ."

ಇಷ್ಟು ವರ್ಷ ಕನಸಿನಲ್ಲಿ ಕಂಡದ್ದು ಕೈಗೆ ಬಂದಿತ್ತು. ಗೋಡೆಗೆ ಅದನ್ನು ಬಿಚ್ಚಿ ನೋಡಲೂ ಮನಸ್ಸಾಗಲಿಲ್ಲ. ಅಪ್ಪ ಅಷ್ಟರಲ್ಲಾಗಲೇ ಗುದ್ದಲಿ ತಂದು ಗೋಲಿನ ಬಾಯಿ ಅಗೆಯಲು ಶುರು ಮಾಡಿದ್ದ. ಒಂದೊಂದು ಏಟಿಗೂ ಪದರ ಪದರವಾಗಿ ಎದ್ದು ಬರುತ್ತಿತ್ತು. ಕೆಂಪು ಮಣ್ಣು, ಅದರ ಕೆಳಗೆ ಮರಳು, ಅದರ ಕೆಳಗೆ ಮತ್ತೆ ಮಣ್ಣು, ಒಂದೊಂದು ಸೀಸನ್ನಿಗೆ ಒಂದೊಂದು. ಜನ ಒಬ್ಬೊಬ್ಬರಾಗಿ ಕರಗಿದರು. ಏಣಿ ಹೋಗಲಿಲ್ಲ. ಶೆಡ್ಡಿನಿಂದ ಇನ್ನೆರಡು ಗುದ್ದಲಿ ತಂದು, ಒಂದನ್ನು ಗೋಡೆಯ ಕೈಗೆ ಕೊಟ್ಟು, ತಾನೊಂದು ಹಿಡಿದು ಆ ತುದಿಯಿಂದ ಅಗೆಯತೊಡಗಿದ.

"ನನಗೆ ಯಾಕೋ ಹೇಳ್ಲಿಲ್ಲ?" ಅಪ್ಪ ತಲೆ ಎತ್ತದೆ ಕೇಳಿದ. ಸಿಟ್ಟಿನಲ್ಲೇ ಕೇಳಿದ.

"ಹೇಗಪ್ಪ ಹೇಳ್ಲಿ? ನಿನ್ನ ಮಣ್ಣು."

"ಬಿದ್ರೆ ನಿನಗೆ ನೋವಾಗದೇ ಇರ್ಲಿ ಅಂತ ಹಾಕ್ದೆ ಕಣೋ. ಕೆಳಗೆ ಮೆತ್ತಗಿದೆಯಾ ಅಂತಷ್ಟೇ ನೋಡ್ದೆ. ಮೇಲೆ ಏನಾಗ್ತಾ ಇದೆ ಅಂತ ತಲೆ ಎತ್ತಿ ನೋಡ್ಲೇ ಇಲ್ಲ." ಗುದ್ದಲಿ ನಿಂತಿತು. "ನೀನು ಆ ಕಡೆ ಆರಿಸ್ಕೊಂಡಾಗ ನನ್ನ ಕೆಲಸದಲ್ಲಿ ಏನೋ ಐಬು ಕಂಡಿದೀಯ ಅನ್ನಿಸ್ತು. ಅಲ್ಲಿ ನಿನ್ನ ಕೈ ಮೇಲೆ ಹೋಗಿದ್ದು ನೋಡಿ, ಇಲ್ಲಿ ಬಾಲ್ ಬಡಿದಿದ್ದು ನೋಡಿ, ಗೊತ್ತಾಯ್ತು."

ಹೊತ್ತು ಇಳಿಯುವ ಮುಂಚೆ ಕೋಲು ಪಟ್ಟಿಯ ಕೆಳಗೆ ನೆಟ್ಟಗೆ ನಿಂತಿತು. ಅಪ್ಪ ಅದನ್ನು ಪಕ್ಕಕ್ಕಿಟ್ಟು ಗೆರೆಯಾಚೆ ಸರಿದ.

"ಹಾರು ನೋಡೋಣ."

ಗೋಡೆ ನೆಗೆದ. ಬೆರಳು ಪಟ್ಟಿಗೆ ಸಿಗಲಿಲ್ಲ. ಕಾಲು ಜಾರಿ, ಕೆರೆದ ಗಟ್ಟಿ ನೆಲದ ಮೇಲೆ ಮಂಡಿಯೂರಿ ಬಿದ್ದ. ಚರ್ಮ ಕಿತ್ತು ರಕ್ತ ಬಂತು. ಅಪ್ಪ ಒಂದೇ ಹೆಜ್ಜೆಗೆ ಬಗ್ಗಿದ. ಇಷ್ಟು ವರ್ಷದ ಅಭ್ಯಾಸ, ಅವನ ಕೈ ತಾನಾಗಿಯೇ ಪಕ್ಕದಲ್ಲಿ ಅಗೆದು ತುಂಬಿಟ್ಟಿದ್ದ ಮರಳಿನ ಬುಟ್ಟಿಗೆ ಹೋಗಿ ಒಂದು ಬೊಗಸೆ ತುಂಬಿಕೊಂಡಿತ್ತು.

ಬೊಗಸೆ ಅಲ್ಲೇ ನಿಂತಿತು. ಅಪ್ಪ ಮರಳನ್ನು ಮತ್ತೆ ಬುಟ್ಟಿಗೆ ಸುರಿದು, ಕಾಲಿನಿಂದ ಬುಟ್ಟಿಯನ್ನು ಗೆರೆಯಾಚೆ ತಳ್ಳಿದ.

"ಏಳು," ಎಂದ. "ಇನ್ನೊಂದ್ಸಲ."